ಎರಡೂ ಒಂದೇ ಥರ

ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಹಳದಿ ಬೋರ್ಡು ತೂಗಿತ್ತು. ಅವಳು ಅದನ್ನು ಎರಡು ಸಲ ಓದಿದಳು, ಎರಡನೆಯ ಸಲಕ್ಕೆ ಮಾತು ಬದಲಾಗಬಹುದು ಎನ್ನುವಂತೆ. ಬದಲಾಗಲಿಲ್ಲ. ಮೆಟ್ಟಿಲ ಕಡೆ ತಿರುಗಿದಳು.

ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿ ನಾಲ್ಕನೆಯ ಮಹಡಿಯಲ್ಲಿತ್ತು. ಎರಡನೆಯದನ್ನು ದಾಟಿದ ಮೇಲೆ ಮೆಟ್ಟಿಲು ತಿರುಗುವ ಕಡೆ ಒಂದು ಕಿಟಕಿ. ಅದರ ಕೆಳಗೆ ಕೂತುಬಿಟ್ಟಳು. ಏದುಸಿರಿರಲಿಲ್ಲ. ಕಾಲು ನೋಯುತ್ತಿರಲಿಲ್ಲ. ಮೈಯೊಳಗೆ ಇದ್ದದ್ದು ಬರಿದಾಗಿತ್ತು, ಅಷ್ಟೆ. ಊರಿಗೆಲ್ಲ ಬೆಳಗಾಗಿದ್ದ ಹೊತ್ತಿನಲ್ಲಿ ಅವಳೊಬ್ಬಳಿಗೆ ಸಂಜೆಯಾಗಿತ್ತು.

ಮೇಲಿನಿಂದ ಬೂಟಿನ ಸದ್ದು ಇಳಿದು ಬಂತು. ಲಿಫ್ಟಿನ ಮೆಕ್ಯಾನಿಕ್. ಭುಜಕ್ಕೆ ಚೀಲ, ಮೊಣಕೈವರೆಗೆ ಗ್ರೀಸು. ಅವಳನ್ನು ಕಂಡವನೇ ಹುಬ್ಬು ಗಂಟಿಕ್ಕಿದ.

"ಧರಣಿಯಾ ಮೇಡಂ? ಹೋದ ಸಲ ಲಿಫ್ಟ್ ಕೆಟ್ಟಾಗ ಐದನೇ ಮಹಡಿ ಲಾಯರು ಹೀಗೇ ಕೂತಿದ್ರು. ಸರಿ ಮಾಡೋವರೆಗೆ ಏಳಲ್ಲ ಅಂತ."

"ಅಲ್ಲ."

"ಮತ್ತೆ? ಯಾರಿಗಾದ್ರೂ ಕಾಯ್ತಿದೀರಾ?"

"ನನ್ನ ಕಾಲಿಗೆ. ಹಿಂದೆ ಉಳ್ಕೊಂಡಿವೆ. ಬರ್ತವೆ."

ಅವನು ನಕ್ಕ. ಆಮೇಲೆ ಅವಳ ಮುಖವನ್ನು ಸರಿಯಾಗಿ ನೋಡಿದ. ನಗು ಅರ್ಧಕ್ಕೇ ನಿಂತಿತು. ಅವಳಿಗೆ ಮುಂದೆ ಬಹಳ ಕಾಲ ನೆನಪಿದ್ದದ್ದು ಆ ನಗುವಲ್ಲ, ಅದು ನಿಂತ ರೀತಿ.

"ಕೆಲಸ ಮುಗೀತು. ಬೋರ್ಡು ತೆಗೆಯೋದೊಂದೇ ಬಾಕಿ," ಎಂದ. "ಪರೀಕ್ಷೆ ಮಾಡೋಕೆ ಒಳಗೆ ಸ್ವಲ್ಪ ಭಾರ ಬೇಕಿತ್ತು. ಬರ್ತೀರಾ?"

"ಭಾರ ಅಂತೀರಲ್ಲ. ಹೆಂಗಸರ ಹತ್ರ ಹೀಗಾ ಮಾತಾಡೋದು?"

"ನನ್ನ ಬಾಯಲ್ಲಿ ಅದು ಹೊಗಳಿಕೆ ಮೇಡಂ."

ಎರಡನೆಯ ಮಹಡಿಗೆ ನಿಧಾನವಾಗಿ ಇಳಿದರು. ಅವನು ಕೈ ಕೊಡಲಿಲ್ಲ. ಒಂದು ಮೆಟ್ಟಿಲು ಮುಂದೆ, ಹಿಂದಕ್ಕೆ ತಿರುಗದೆ, ಅವಳ ನಡಿಗೆಗೆ ತಕ್ಕಂತೆ ನಡೆದ. ಲಿಫ್ಟು ಏರತೊಡಗಿದಾಗ ಅವಳು ಗೋಡೆಗೆ ಒರಗಿ ಕೇಳಿದಳು, "ಇದು ಕಿತ್ಕೊಂಡು ಬಿದ್ರೆ?"

"ಎಲ್ಲರೂ ಬೀಳೋದಕ್ಕೇ ಹೆದರ್ತಾರೆ. ಆ ಕಡೆ ತುದಿಗೆ ಕಬ್ಬಿಣದ ತೂಕ ಕಟ್ಟಿದೀವಿ. ಖಾಲಿ ಲಿಫ್ಟಿಗಿಂತ ಅದೇ ಭಾರ. ಬ್ರೇಕ್ ಬಿಟ್ರೆ ಖಾಲಿ ಲಿಫ್ಟ್ ಕೆಳಗೆ ಬೀಳಲ್ಲ, ಮೇಲಕ್ಕೆ ಹೋಗಿ ಬಡಿಯುತ್ತೆ. ಒಳಗೆ ಒಂದಿಷ್ಟು ಭಾರ ಇದ್ರೇನೇ ಅದಕ್ಕೆ ಸುಖ."

"ಭಾರಕ್ಕೆ?"

ಅವನು ಲಿಫ್ಟಿನ ಕನ್ನಡಿಯಲ್ಲಿ ಅವಳನ್ನು ನೋಡಿದ. "ಭಾರಕ್ಕೂ ಸುಖವೇ ಅಂತ ಕಾಣುತ್ತೆ. ಮುಖಕ್ಕೆ ಬಣ್ಣ ಬಂತು."

ಅವಳು ಕಣ್ಣು ತಪ್ಪಿಸಿ ಮಹಡಿಯ ಅಂಕಿ ನೋಡಿದಳು. ನಾಲ್ಕು ಬೇಗನೇ ಬಂದುಬಿಟ್ಟಿತ್ತು.

*

ಕಣ್ಣು ಪರೀಕ್ಷೆಯ ಕೋಣೆಗೆ ಕಿಟಕಿಯಿಲ್ಲ. ಒಂದು ಕುರ್ಚಿ, ಎದುರಿಗೆ ಬೆಳಗುವ ಅಕ್ಷರಗಳ ಫಲಕ, ಪಕ್ಕದಲ್ಲಿ ಗಾಜುಗಳ ಪೆಟ್ಟಿಗೆ. ಅಂಗಡಿಯವರೆಲ್ಲ ಅದನ್ನು ಕತ್ತಲೆಕೋಣೆ ಎನ್ನುತ್ತಿದ್ದರು, ಅವಳನ್ನು ಕತ್ತಲೆಕೋಣೆ ಮೇಡಂ. ಅಲ್ಲಿ ಅವಳ ಕೈ ತಪ್ಪುತ್ತಿರಲಿಲ್ಲ. ಹೊರಗೆ ಮೈ ಎಷ್ಟೇ ಸೋತಿರಲಿ, ಆ ಕತ್ತಲೆಯಲ್ಲಿ ಯಾರದೋ ಕಣ್ಣಿನೊಳಕ್ಕೆ ಬೆಳಕು ಬಿಟ್ಟಾಗ ಅವಳು ಪೂರ್ತಿಯಾಗಿರುತ್ತಿದ್ದಳು.

ಆ ವಾರವೇ ಅವನು ಬಂದು ಕುರ್ಚಿಯಲ್ಲಿ ಕೂತ. ತಲೆ ಬಾಚಿದ್ದ. ಕೈ ಉಜ್ಜಿ ಉಜ್ಜಿ ತೊಳೆದಿದ್ದ, ಉಗುರಿನ ಅಂಚಿನಲ್ಲಿ ಮಾತ್ರ ಕಪ್ಪು ಗೆರೆ ಉಳಿದಿತ್ತು.

"ಏನು ತೊಂದರೆ?"

"ದೂರದ್ದು ಮಂಜು ಮಂಜು."

"ಹತ್ತಿರದ್ದು?"

"ಹತ್ತಿರ ಏನೂ ಇಲ್ವಲ್ಲ ನೋಡೋಕೆ. ಈಗ ನೋಡಿ ಹೇಳ್ತೀನಿ."

ಅವಳು ತುಟಿ ಬಿಗಿಹಿಡಿದು ಪರೀಕ್ಷೆಯ ಚೌಕಟ್ಟನ್ನು ಅವನ ಮೂಗಿನ ಮೇಲೆ ಕೂರಿಸಿದಳು. ಬಾಗಿ ಕಣ್ಣಿಗೆ ಬೆಳಕು ಬಿಟ್ಟಳು. ಅವನು ಉಸಿರು ಬಿಗಿಹಿಡಿದಿದ್ದ.

"ಉಸಿರಾಡಬಹುದು."

"ಕಣ್ಣು ಅಲ್ಲಾಡುತ್ತೇನೋ ಅಂತ."

"ಉಸಿರಿಗೂ ಕಣ್ಣಿಗೂ ಸಂಬಂಧವಿಲ್ಲ."

"ನಿಮಗೆ ಗೊತ್ತಿರಲ್ಲ ಬಿಡಿ. ನೀವು ಈ ಕಡೆ ನಿಂತಿರ್ತೀರಿ."

ಗಾಜು ಹಾಕಿದಳು, ತಿರುಗಿಸಿದಳು. "ಮೊದಲನೆಯದು ಚೆನ್ನಾಗಿದೆಯಾ, ಎರಡನೆಯದಾ?"

"ಇನ್ನೊಂದ್ಸಲ."

"ಮೊದಲನೆಯದಾ, ಎರಡನೆಯದಾ?"

"ಎರಡೂ ಒಂದೇ ಥರ ಇದೆ ಮೇಡಂ." ಪಾಠ ತಪ್ಪಿದವನ ಹಾಗೆ ಅಳುಕಿದ. "ಹಾಗೆ ಹೇಳಬಾರದಾ?"

"ಹೇಳಬಹುದು. ಎರಡೂ ಒಂದೇ ಅನ್ನಿಸಿದ ಕಡೆ ನಾವು ನಿಲ್ಲಿಸ್ತೀವಿ. ಅದೇ ನಿಮ್ಮ ನಂಬರು." ಚೌಕಟ್ಟು ತೆಗೆದಳು. "ನಿಮ್ಮ ಕಣ್ಣಿಗೆ ಏನೂ ಆಗಿಲ್ಲ."

"ಗೊತ್ತು," ಎಂದ.

ಕತ್ತಲೆಯಿದ್ದದ್ದು ಒಳ್ಳೆಯದಾಯಿತು. ಅವಳು ಗಾಜುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿದಳು. ಎರಡು ಅದಲುಬದಲಾದವು. ಅವನು ಹೋದ ಮೇಲೆ ಸರಿಮಾಡಿಟ್ಟಳು.

*

ಕೆಲವು ದಿನ ಕಳೆದು ಐದನೆಯ ಮಹಡಿಯ ಲಾಯರು ಗೊಣಗತೊಡಗಿದರು. "ನಾಲ್ಕನೇ ಮಹಡಿಯಲ್ಲಿ ಈ ಬಾಗಿಲಿಗೇನು ಬಂತು ರೋಗ? ತೆರೆದರೆ ಮುಚ್ಚೋದೇ ಇಲ್ಲ." ಅವಳಿಗೆ ಆಗ ಹೊಳೆಯಿತು. ಉಳಿದ ಮಹಡಿಗಳಲ್ಲಿ ಬಾಗಿಲು ಎಂದಿನಂತೆ ಚಟ್ಟನೆ ಮುಚ್ಚುತ್ತಿತ್ತು. ನಾಲ್ಕನೆಯದರಲ್ಲಿ ಮಾತ್ರ, ಸೋತ ಹೆಂಗಸೊಬ್ಬಳು ಅಂಗಡಿಯ ಬಾಗಿಲಿನಿಂದ ನಿಧಾನವಾಗಿ ನಡೆದು ಬರುವಷ್ಟು ಹೊತ್ತು ಅದು ಕಾಯುತ್ತಿತ್ತು.

ಅವಳು ಅವನನ್ನು ಕೇಳಲಿಲ್ಲ. ಅವನು ಹೇಳಲಿಲ್ಲ.

ಇಬ್ಬರ ಭೇಟಿಯೆಲ್ಲ ಬೆಳಗಿನ ಹೊತ್ತೇ. ಅಂಗಡಿ ತೆರೆಯುವ ಮುಂಚೆ ಲಿಫ್ಟು ಹತ್ತಿ ತಾರಸಿಗೆ ಹೋಗುತ್ತಿದ್ದರು. ಮೇಲೆ ಮೋಟರಿನ ಕೋಣೆ. ಅದರ ಬಿಸಿ ಗೋಡೆಗೆ ಬೆನ್ನು ಕೊಟ್ಟು ಕೂತರೆ ಅವಳ ಹೊಟ್ಟೆಯ ನೋವಿಗೂ ಸ್ವಲ್ಪ ಹಿತ. ಅವನು ಕಿತ್ತಳೆ ಸುಲಿದು ನಾರು ತೆಗೆದು ಕೊಡುತ್ತಿದ್ದ, ವೈರು ಸುಲಿಯುವಷ್ಟು ಜೋಪಾನವಾಗಿ.

"ಸಂಜೆ ಸಿಗೋಣ ಅಂದ್ರೆ ಯಾಕೆ ಒಲ್ಲೆ ಅಂತೀರಿ?" ಎಂದು ಒಂದು ದಿನ ಕೇಳಿದ. "ಗ್ರೀಸಿನವನ ಜೊತೆ ನಾಲ್ಕು ಜನ ನೋಡ್ತಾರೆ ಅಂತಲಾ?"

ಅವಳಿಗೆ ನಗು ಬಂತು, ಆಮೇಲೆ ಬೇಜಾರು. ಹೇಳಿಯೇಬಿಟ್ಟಳು.

"ಎಂಡೊಮೆಟ್ರಿಯೋಸಿಸ್ ಅಂತ. ಗರ್ಭಕೋಶದ ಒಳಗಿನ ಪದರದಂಥದ್ದು ನನಗೆ ಹೊರಗಡೆಯೂ ಬೆಳೆದಿದೆ. ತಿಂಗಳು ತಿಂಗಳೂ ಅಲ್ಲೂ ರಕ್ತ. ಹೊರಗೆ ಹೋಗೋಕೆ ದಾರಿಯಿಲ್ಲ. ಒಂದು ಆಪರೇಷನ್ ಆಯ್ತು. ಮತ್ತೆ ಬಂತು. ಈಗ ಮಾತ್ರೆ."

"ನೋವಾ?"

"ನೋವನ್ನ ಜನ ನಂಬ್ತಾರೆ, ಹೇಗೋ. ಸುಸ್ತು ಅಂದ್ರೆ ನಂಬಲ್ಲ. ಅಕ್ಕ ಅಂತಾಳೆ, ನನಗೂ ಸುಸ್ತಾಗುತ್ತೆ ಕಣೇ, ಯಾರಿಗಾಗಲ್ಲ ಅಂತ. ಅವಳದ್ದೂ ಸುಳ್ಳಲ್ಲ. ಆದ್ರೆ ಅವಳು ಮಲಗಿ ಎದ್ರೆ ಸುಸ್ತು ಹೋಗಿರುತ್ತೆ. ನಾನು ಎದ್ದಾಗ ಅದು ನನಗಿಂತ ಮೊದಲೇ ಎದ್ದು ಕೂತಿರುತ್ತೆ."

ಅವನು ಕಿತ್ತಳೆಯ ತೊಳೆಯನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದ.

ಬೇಸಿಗೆಯ ತೊಟ್ಟಿಯ ನೀರನ್ನು ಚೊಂಬಿನಲ್ಲಿ ಅಳೆಯುವ ಹಾಗೆ ಅವಳು ಮೈಯ ಶಕ್ತಿಯನ್ನು ಅಳೆಯುತ್ತಿದ್ದಳು. ಸ್ನಾನಕ್ಕೆ ಸ್ಟೂಲು. ತಲೆ ತೊಳೆಯುವುದು ರಜೆಯ ದಿನ ಮಾತ್ರ, ಆ ದಿನ ಬೇರೆ ಕೆಲಸವಿಲ್ಲ. ಗೆಳತಿಯರ ಫೋನು ಎತ್ತುವುದನ್ನು ಬಿಟ್ಟಿದ್ದಳು, ಈಗ ಅವರೂ ಮಾಡುವುದನ್ನು ಬಿಟ್ಟಿದ್ದರು. ಹೀಗೆ ಉಳಿಸಿದ್ದನ್ನೆಲ್ಲ ತಂದು ಕತ್ತಲೆಕೋಣೆಗೆ ಸುರಿಯುತ್ತಿದ್ದಳು. ಸಂಜೆಯ ಹೊತ್ತಿಗೆ ತೊಟ್ಟಿಯ ತಳ ಕಾಣುತ್ತಿತ್ತು.

"ಸಂಜೆ ನಾನು ಯಾರೂ ಅಲ್ಲ," ಎಂದಳು. "ಆಗ ನೋಡೋಕೆ ಏನೂ ಇರಲ್ಲ."

ಅವನು ಕೈಯಲ್ಲಿದ್ದ ತೊಳೆಯನ್ನು ಅವಳ ಅಂಗೈಗಿಟ್ಟ. ಲಿಫ್ಟಿನವನ ತಲೆ ಲಿಫ್ಟಿನ ಹಾಗೇ ಓಡುತ್ತದೆ. ಭಾರ ಹೆಚ್ಚಾಗಿದೆ, ಇಳಿಸಬೇಕು. ಅವಳಿಗೆ ಅದು ಆಗ ತಿಳಿಯಲಿಲ್ಲ.

ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತ ಕೇಳಿದಳು, "ಏನಂತಾನೆ ನಿನ್ನ ಏರಿಳಿತ?" ಅಕ್ಕ ಅವನಿಗಿಟ್ಟ ಹೆಸರು ಅದು.

"ಏನೂ ಅನ್ನಲ್ಲ. ಕಿತ್ತಳೆ ಸುಲೀತಾನೆ."

"ನಿಮ್ಮ ಭಾವ ಇಷ್ಟು ವರ್ಷದಲ್ಲಿ ಒಂದು ಬಾಳೆಹಣ್ಣು ಸುಲಿದು ಕೊಟ್ಟಿಲ್ಲ," ಎಂದಳು ಅಕ್ಕ. ಒಳಗಿನಿಂದ ಭಾವ, "ಕೇಳಿಸ್ತು," ಎಂದರು. ಅಕ್ಕ ನಗಲಿಲ್ಲ. ಕೈಯಲ್ಲಿದ್ದ ದುಪಟ್ಟಾ ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ಅವನಿಗೆ ಪೂರ್ತಿ ಹೇಳಿದೀಯೇನೇ? ಮಕ್ಕಳ ವಿಷಯ?"

"ಡಾಕ್ಟರು ಆಗಲ್ಲ ಅಂದಿಲ್ಲ ಅಕ್ಕ. ಕಷ್ಟ ಅಂದಿದಾರೆ."

"ಕಷ್ಟ ಅನ್ನೋದನ್ನ ಹೇಳಿದೀಯಾ?"

"ಮಕ್ಕಳವರೆಗೆ ಯಾರು ಹೋಗಿದಾರೆ? ನನಗೆ ಸಂಜೆವರೆಗೇ ಹೋಗೋಕಾಗ್ತಿಲ್ಲ."

*

ಆ ತಿಂಗಳು ಒಂದಷ್ಟು ದಿನ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ನೋವು ಬಂದು ಹೋಯಿತು. ಹೋದ ಮೇಲೂ ಮೈ ಒದ್ದೆ ಮರಳಿನ ಚೀಲದ ಹಾಗೆ ಬಿದ್ದಿತ್ತು. ನೀರಿನ ಲೋಟ ಕೈಗೆಟಕುವಷ್ಟು ಹತ್ತಿರವಿತ್ತು. ಕೈ ಚಾಚುವುದು ಬೇಕೇ ಎಂದು ಯೋಚಿಸುತ್ತ ಬಾಯಾರಿಕೊಂಡೇ ಮಲಗಿದಳು. ಅವನ ಕರೆ ಬಂದು ಅವಳ ಫೋನು ಮಿನುಗಿ ಮಿನುಗಿ ಆರುತ್ತಿತ್ತು.

ವಾರ ಕಳೆದು ಅಂಗಡಿಗೆ ಹೋದಾಗ ಬಿಲ್ಲಿಂಗ್ ಕೌಂಟರಿನ ಹಿಂದೆ ಮೆತ್ತೆ ಹಾಕಿದ ಹೊಸ ಕುರ್ಚಿಯಿತ್ತು. ಕತ್ತಲೆಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಒಂದು ಗಂಡುದನಿ: "ಮೊದಲನೆಯದಾ, ಎರಡನೆಯದಾ?"

ಮಾಲೀಕರು ಕೆಟ್ಟವರಲ್ಲ. ಎದ್ದು ಬಂದು ಮೆಲ್ಲಗೆ ಹೇಳಿದರು. "ನೀವು ಫೋನ್ ಎತ್ತಲಿಲ್ಲ ಅಂತ ಲಿಫ್ಟಿನವರು ಹುಡುಕ್ಕೊಂಡು ಬಂದಿದ್ರಮ್ಮ. ಎಲ್ಲಾ ಹೇಳಿದ್ರು. ಇಷ್ಟು ಕಷ್ಟ ಇಟ್ಕೊಂಡು ದಿನಾ ನಿಂತು ಕೆಲಸ ಮಾಡ್ತಿದ್ರಾ? ನಮಗೆ ಒಂದು ಮಾತು ಹೇಳಬಾರದಿತ್ತಾ? ಇನ್ನು ಇಲ್ಲಿ ಕೂತ್ಕೊಂಡೇ ಇರಿ. ಸಂಬಳ ಅಷ್ಟೇ ಇರುತ್ತೆ."

ಅವಳು ಮೆತ್ತೆಯ ಮೇಲೆ ಕೂತಳು. ಎಲ್ಲರೂ ಅವಳನ್ನು ಹೂವಿನ ಹಾಗೆ ನೋಡಿಕೊಂಡರು. ಯಾರೋ ಟೀ ತಂದಿಟ್ಟರು. ಅದಕ್ಕಿಂತ ದೊಡ್ಡ ಅವಮಾನ ಅವಳಿಗೆ ಆವರೆಗೆ ಆಗಿರಲಿಲ್ಲ.

ಸಂಜೆ ಲಿಫ್ಟು ತೆರೆದಾಗ ಅವನು ಒಳಗಿದ್ದ. ಮುಖದಲ್ಲಿ ಕಾತರ, ಅದರ ಹಿಂದೆ ಒಳ್ಳೆಯದು ಮಾಡಿದವನ ಹಿಗ್ಗು.

"ಈಗ ಹೇಗಿದೆ ಮೇಡಂ? ಕೂತು ಕೆಲಸ ಮಾಡೋದು ವಾಸಿ ಅಲ್ವಾ? ನಿಂತೂ ನಿಂತೂ ನಿಮಗೆ..."

"ನಿನ್ನನ್ನ ಯಾರು ಕೇಳಿದ್ರು?"

ಎಷ್ಟೋ ದಿನಗಳಿಂದ ಅವನು ಅವಳಿಂದ 'ನೀನು' ಅನ್ನಿಸಿಕೊಳ್ಳಲು ಕಾದಿದ್ದ. ಅದು ಹೀಗೆ ಬಂತು. ಬಾಗಿಲು ಮುಚ್ಚದೆ ಅವರಿಬ್ಬರಿಗಾಗಿ ಕಾಯುತ್ತಲೇ ಇತ್ತು.

"ಖಾಲಿ ಲಿಫ್ಟಿಗೆ ಏನಾಗುತ್ತೆ ಅಂದಿದ್ದೆ?"

ಅವನು ತಲೆ ತಗ್ಗಿಸಿದ.

"ಹೇಳು."

"ಮೇಲೆ ಹೋಗಿ ಬಡಿಯುತ್ತೆ."

"ಅಡುಗೆ ಬಿಟ್ಟೆ. ಗೆಳತಿಯರನ್ನ ಬಿಟ್ಟೆ. ತಲೆ ಬಾಚದೆ ಬಂದ ದಿನಗಳಿವೆ. ಎಲ್ಲಾ ಇಳಿಸಿ ಒಂದೇ ಒಂದು ಇಟ್ಕೊಂಡಿದ್ದೆ. ಆ ಕೋಣೆ. ಹೊರಲಾರದ ಭಾರ ಅಂದ್ಕೊಂಡ್ಯಾ ಅದನ್ನ? ಅದೊಂದು ಇತ್ತು ಅಂತ ನಾನು ನೆಲದ ಮೇಲಿದ್ದೆ."

ಅವನು ಹೊರಗೆ ಬಂದು, ಬಾಗಿಲಿಗೆ ಅಡ್ಡ ಕೈಯಿಟ್ಟು, ಅವಳು ಒಳಗೆ ಹೋಗುವವರೆಗೆ ನಿಂತ. ಕೆಳಗಿಳಿಯುವಾಗ ಕನ್ನಡಿಯಲ್ಲಿ ಅವಳೊಬ್ಬಳೇ ಇದ್ದಳು.

*

ಅವನು ಮರುದಿನವೇ ಮಾಲೀಕರ ಮುಂದೆ ಹೋಗಿ ನಿಂತನಂತೆ. ತಪ್ಪು ಮಾತಾಡಿದೆ, ಮೇಡಂಗೆ ಆ ಕೋಣೆ ಬೇಕು ಎಂದನಂತೆ. ಮಾಲೀಕರು ಯೋಚಿಸಿ, ಒಂದು ದಿನ ನೋಡೋಣ ಎಂದರು.

ಅವಳು ಹಿಂದಿನ ದಿನವೆಲ್ಲ ಮಲಗಿ ಶಕ್ತಿ ಕೂಡಿಸಿದಳು. ಅಕ್ಕ ಆ ದಿನ ಯಾವ ಕೊಂಕೂ ಆಡಲಿಲ್ಲ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ, ಹಣೆಗೆ ಕೈ ಅಡ್ಡವಿಟ್ಟು ತಲೆ ತೊಳೆದಳು. "ಕಣ್ಮುಚ್ಕೋ," ಎಂದಳು. "ನೊರೆ ಹೋಗುತ್ತೆ."

ಮೊದಲು ಬಂದದ್ದು ಒಬ್ಬ ಅಜ್ಜಿ. ಚೆನ್ನಾಗಿಯೇ ಆಯಿತು. ಆಮೇಲೆ ಶಾಲೆಯ ಹುಡುಗಿ, ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಅವಳ ಕಳ್ಳತನ ಹಿಡಿದು ಇಬ್ಬರೂ ನಕ್ಕರು. ಕತ್ತಲೆ ಮತ್ತೆ ಅವಳದಾಯಿತು ಎನ್ನಿಸಿತು.

ಆಮೇಲೆ ಬಂದವನು ಒಬ್ಬ ಡ್ರೈವರು. ಅವಳು ಗಾಜು ಹಾಕಿದಳು, ತಿರುಗಿಸಿದಳು, ಕೇಳಿದಳು. ಅವನು ಏನೋ ಹೇಳಿದ. ಏನೆಂದು ನೆನಪಿಗೆ ಬರಲಿಲ್ಲ. ಮತ್ತೆ ಕೇಳಿದಳು. ಯಾವ ಗಾಜು ಹಾಕಿದ್ದೆ? ತಲೆಯೊಳಗೆ ಹತ್ತಿ ತುರುಕಿದಂತಾಗಿತ್ತು.

"ಮೇಡಂ, ಒಂದೇ ಗಾಜನ್ನ ಎರಡು ಸಲ ತೋರಿಸ್ತಿದೀರಾ?"

ಅವಳು ಕುರ್ಚಿಯ ಹಿಡಿ ಹಿಡಿದುಕೊಂಡಳು. ಹಿಡಿ ಸಾಲಲಿಲ್ಲ. ನೆಲದ ಮೇಲೆ ಕೂತುಬಿಟ್ಟಳು. ಬಾಗಿಲು ತೆರೆದು, ಅವಳ ಬದಲಿಗೆ ಸೇರಿದ್ದ ಹೊಸಬ ಒಳಗೆ ಬಂದ. ಬಗ್ಗಿ, ಒಂದು ಮಾತೂ ಆಡದೆ, ಅವಳ ಬೆರಳುಗಳ ನಡುವಿನಿಂದ ಗಾಜನ್ನು ತೆಗೆದುಕೊಂಡ. ಏನಾದರೂ ಆಡಿದ್ದರೆ ಚೆನ್ನಾಗಿತ್ತು.

*

ಸಂಜೆ ಅವಳು ಲಿಫ್ಟಿಗೆ ಕಾಯಲಿಲ್ಲ. ಕಾಯುವ ಬಾಗಿಲನ್ನು ನೋಡಲಾರದೆ ಮೆಟ್ಟಿಲು ಹಿಡಿದಳು. ಕಿಟಕಿಯ ತಿರುವಿಗೆ ಬರುವ ಹೊತ್ತಿಗೆ ಕಾಲು ಮತ್ತೆ ಹಿಂದೆ ಉಳಿದವು. ಅದೇ ಜಾಗದಲ್ಲಿ ಕೂತಳು.

ಬೂಟಿನ ಸದ್ದು ಮೇಲಿನಿಂದ ಇಳಿದು ಬಂತು. ಅವಳು ಕಣ್ಣು ತೆರೆಯಲಿಲ್ಲ.

"ಧರಣಿಯಾ?" ಎಂದು ಕೇಳಿದ. ದನಿಯಲ್ಲಿ ತಮಾಷೆ ಇರಲಿಲ್ಲ.

"ನೀವು ಹೇಳಿದ್ದೇ ಸರಿಯಿತ್ತು," ಎಂದಳು. 'ನೀನು' ಹೋಗಿ ಮತ್ತೆ 'ನೀವು' ಬಂದಿತ್ತು. "ಮಾಲೀಕರೂ ಸರಿ. ನನ್ನ ಕೈಲಿ ಆಗಲಿಲ್ಲ."

"ನಾನು ಕೇಳದೆ ಮಾಡಿದ್ದು ತಪ್ಪು."

"ಅದೊಂದೇ ತಪ್ಪಾಗಿದ್ದಿದ್ರೆ ಎಷ್ಟು ಚೆನ್ನಾಗಿತ್ತು. ನಿಮ್ಮ ಮೇಲೆ ಕೋಪ ಮಾಡ್ಕೊಂಡಾದ್ರೂ ಬದುಕ್ತಿದ್ದೆ. ಈಗ ಅದೂ ಹೋಯ್ತು."

ಕಿಟಕಿಯ ಗಾಜಿನ ಮೇಲೆ ಎದುರು ಕಟ್ಟಡದ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು.

"ನನಗೆ ನೀವು ಬೇಕು," ಎಂದ. ಗ್ರೀಸಿನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. "ಮೊದಲ ದಿನದಿಂದಲೂ."

"ಯಾವಳು? ಬೆಳಿಗ್ಗೆಯವಳಾ? ಕತ್ತಲೆಕೋಣೆಯಲ್ಲಿ ನಿಮ್ಮ ಕಣ್ಣಿಗೆ ಬೆಳಕು ಬಿಟ್ಟವಳಾ? ಅವಳು ಇನ್ನು ಬರ್ತಾಳೋ ಇಲ್ವೋ ನನಗೇ ಗೊತ್ತಿಲ್ಲ. ಉಳಿದಿರೋದು ಇವಳು. ಸಂಜೆಯವಳು."

"ಮೊದಲ ದಿನ ಇಲ್ಲಿ ಕೂತಿದ್ದೂ ಇವಳೇ."

ಅವಳು ತಲೆಯನ್ನು ಗೋಡೆಗೆ ಆನಿಸಿದಳು. "ಇವಳಿಗೆ ಪ್ರೀತಿ ಅಂದ್ರೇನು ಅಂತಲೂ ತಿಳಿಯಲ್ಲ," ಎಂದಳು. "ಸುಳ್ಳು ಹೇಳಲಾರೆ. ಎಲ್ಲಾ ದೂರ ದೂರ ಇದೆ."

"ಹಾಗಾದ್ರೆ ಒಂದೇ ಕೇಳ್ತೀನಿ. ಕಣ್ಣು ಮುಚ್ಚಿಕೊಂಡೇ ಹೇಳಿ." ಅವನು ಅವಳ ಪಕ್ಕದಲ್ಲಿ ಕೂತ. ಕಬ್ಬಿಣದ ವಾಸನೆ, ಸೋಪಿನ ವಾಸನೆ, ಬಿಗಿಹಿಡಿದ ಉಸಿರು. "ಇದು ಮೊದಲನೆಯದು."

ಆಮೇಲೆ ಎದ್ದ. ಬೂಟುಗಳು ಒಂದೊಂದೇ ಮೆಟ್ಟಿಲು ಇಳಿದವು. ಕೆಳಗಿನ ತಿರುವಿನಲ್ಲಿ ನಿಂತವು. ಮೆಟ್ಟಿಲು ಖಾಲಿಯಾಯಿತು. ಕಿಟಕಿಯ ಸಂದಿಯಿಂದ ತಣ್ಣಗೆ ಗಾಳಿ ಬಂತು.

"ಇದು ಎರಡನೆಯದು," ಎಂದು ಕೆಳಗಿನಿಂದ ಕೇಳಿಸಿತು. "ಯಾವುದು ಚೆನ್ನಾಗಿದೆ?"

ಅವಳು ತನ್ನೊಳಗೆ ತಡಕಿದಳು. ಅವನು ಇದ್ದ ಜಾಗ, ಅವನಿಲ್ಲದ ಜಾಗ. ಒಂದು ಹೆಚ್ಚು ಬೆಳಕಾಗಿ ಕಾಣಲಿ ಎಂದು ಎಷ್ಟು ಬೇಡಿಕೊಂಡಳು. ಎಲ್ಲದರ ಮೇಲೂ ಅದೇ ಬೂದು ಬಣ್ಣ. ಮೊದಲನೆಯದು ಎಂದುಬಿಡಬಹುದಿತ್ತು. ಆದರೆ ಈ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟವರೆಲ್ಲ ತಪ್ಪು ಕನ್ನಡಕ ಹಾಕಿಕೊಂಡು ಹೋಗುತ್ತಾರೆ. ಅವಳು ಅದನ್ನು ಎಷ್ಟೋ ಸಲ ಕಂಡಿದ್ದಳು.

"ಎರಡೂ ಒಂದೇ ಥರ ಇದೆ," ಎಂದಳು.

ಕೆಳಗೆ ಏನೂ ಅಲ್ಲಾಡಲಿಲ್ಲ. ಈಗ ಹೋಗುತ್ತಾನೆ ಎಂದುಕೊಂಡಳು. ಹೋಗಲಿ. ಹೋದರೆ ನೋಯುತ್ತದೆಯೋ ಇಲ್ಲವೋ, ನಾಳೆ ಬೆಳಿಗ್ಗೆ ತಿಳಿಯುತ್ತದೆ, ಬೆಳಿಗ್ಗೆ ಎಂಬುದು ಬಂದರೆ.

ಬೂಟಿನ ಸದ್ದು ಮೇಲಕ್ಕೆ ಬಂತು. ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತಿತು.

"ಎರಡೂ ಒಂದೇ ಅನ್ನಿಸಿದ ಕಡೆ ನಿಲ್ಲಿಸ್ತೀವಿ ಅಂದಿದ್ರಿ," ಎಂದ. "ಅದೇ ನಂಬರು ಅಂತ."

ಅಲ್ಲಿಯೇ ಕೂತ. ಅವಳ ಚೀಲಕ್ಕೆ ಕೈ ಹಾಕಲಿಲ್ಲ. ಏಳಿ ಎನ್ನಲಿಲ್ಲ. ಕಾಲು ಬಂದವೇ ಎಂದೂ ಕೇಳಲಿಲ್ಲ. ಅವನ ಭುಜ ಅವಳ ಮೊಣಕಾಲಿನ ಹತ್ತಿರವಿತ್ತು, ತಾಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಹಿಡಿದಿಡುವ ಶಕ್ತಿಯಿಲ್ಲದೆ, ಅವಳ ಮೊಣಕಾಲು ತಾನಾಗಿ ವಾಲಿ ಆ ಭುಜಕ್ಕೆ ಒರಗಿತು.

ಮೇಲೆ, ನಾಲ್ಕನೆಯ ಮಹಡಿಯಲ್ಲಿ, ಲಿಫ್ಟಿನ ಬಾಗಿಲು ತೆರೆದುಕೊಂಡ ಸದ್ದು ಕೇಳಿತು. ಅದು ಮುಚ್ಚುವುದನ್ನು ಇಬ್ಬರೂ ಕಾದರು. ಬಹಳ ಹೊತ್ತಾಯಿತು.